ಬೃಹತ್ ಇಪ್ಪತ್ತು ಮುಖದ ದಾಳ ಸರಿಯಾಗಿ ಬೀಳದಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗೆಯ ಪಾತ್ರಾಭಿನಯದ ಆಟಗಳಿಗೆಂದು ಮಾರಾಟವಾಗುವ ಬೃಹತ್ ಅಲಂಕಾರಿಕ ದಾಳವನ್ನು ತರಿಸಿಕೊಂಡವರು ಕೆಲವು ವಾರಗಳಲ್ಲಿಯೇ ಹೇಳುವ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ದಾಳ ನೋಡಲು ಸೊಗಸಾಗಿದೆ, ಆದರೆ ಕೆಲವು ಸಂಖ್ಯೆಗಳೇ ಮತ್ತೆ ಮತ್ತೆ ಬೀಳುತ್ತವೆ. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಬಳಿಗೆ ಆಟದ ಗೆಳೆಯರು ಇಂತಹ ದಾಳಗಳನ್ನು ತಂದು, ಒಳಗೆ ಗುಳ್ಳೆ ಇದೆಯೇ ನೋಡಿ ಎಂದು ಕೇಳುತ್ತಾರೆ. ಗುಳ್ಳೆಯನ್ನು ಹುಡುಕುವುದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನೂ ಇಲ್ಲಿ ವಿವರಿಸಿದ್ದೇನೆ.

ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವುದು ಎದುರುಬದುರು ಮುಖಗಳ ನಡುವೆ 55 ಮಿ.ಮೀ. ಅಳತೆಯ, ಪಾರದರ್ಶಕ ಎಪಾಕ್ಸಿ ರಾಳದಲ್ಲಿ ಎರಕ ಹೊಯ್ದ, ಒಳಗೆ ಬಂಗಾರ ಬಣ್ಣದ ತಗಡಿನ ಚೂರುಗಳಿರುವ ಇಪ್ಪತ್ತು ಮುಖದ ದಾಳ. ಸಾಮಾನ್ಯ ದಾಳದ ಅಳತೆ ಸುಮಾರು 20 ಮಿ.ಮೀ. ಇರುತ್ತದೆ. ಅಳತೆಯಲ್ಲಿ ಇದು ಮೂರು ಪಟ್ಟಿಗಿಂತ ಕಡಿಮೆಯೇ ಆದರೂ ಘನಫಲ ಅಳತೆಯ ಘನದಂತೆ ಬೆಳೆಯುವುದರಿಂದ ತೂಕ ಇಪ್ಪತ್ತು ಪಟ್ಟು ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಈ ದಾಳದ ಘನಫಲ ಸುಮಾರು 105 ಘನ ಸೆಂ.ಮೀ., ತೂಕ ಸುಮಾರು 120 ಗ್ರಾಂ. ಬೃಹತ್ ದಾಳದ ಹೆಚ್ಚಿನ ತೊಂದರೆಗಳಿಗೆ ಮೂಲ ಈ ಎರಡು ಸಂಖ್ಯೆಗಳಲ್ಲಿಯೇ ಇದೆ.

ದೂರು ನಿಜವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು

ಒಂದು ಸಂಜೆಯ ಆಟದಲ್ಲಿ 20 ಒಮ್ಮೆಯೂ ಬೀಳಲಿಲ್ಲ ಎಂಬುದು ದೋಷದ ಲಕ್ಷಣವಲ್ಲ. ಯಾವ ದೋಷವೂ ಇಲ್ಲದ ದಾಳವನ್ನು ಮೂವತ್ತು ಸಲ ಎಸೆದರೂ ಅದರಲ್ಲಿ 20 ಬೀಳದೆಯೇ ಇರುವ ಸಂಭವ ಶೇ. 21ರಷ್ಟಿದೆ, ಅಂದರೆ ಐದು ಸಂಜೆಗಳಲ್ಲಿ ಒಂದು ಸಂಜೆ ಹಾಗಾಗುವುದು ಸಹಜ. ಇಪ್ಪತ್ತು ಎಸೆತಗಳಲ್ಲಿ 1 ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವ ಸಂಭವವೂ ಶೇ. 7.5ರಷ್ಟಿದೆ. ಪಾತ್ರವೊಂದು ಸಾಯುವ ಹೊತ್ತಿನಲ್ಲಿ ಬಿದ್ದ 1 ಎಲ್ಲರಿಗೂ ನೆನಪಿರುತ್ತದೆ, ಬಾಗಿಲು ತೆರೆಯುವಾಗ ಬಿದ್ದ 12 ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ನೆನಪನ್ನು ಬದಿಗಿಟ್ಟು ಕಾಗದದ ಮೇಲೆ ದಾಖಲೆ ಮಾಡಬೇಕು.

ಕನಿಷ್ಠ 200 ಎಸೆತಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿ ಮುಖಕ್ಕೂ ನಿರೀಕ್ಷಿತ ಸಂಖ್ಯೆ 10. ಒಂದೊಂದು ಮುಖದ ನಿಜವಾದ ಎಣಿಕೆಯಿಂದ 10 ಕಳೆದು, ಬಂದ ವ್ಯತ್ಯಾಸವನ್ನು ವರ್ಗ ಮಾಡಿ, 10ರಿಂದ ಭಾಗಿಸಿ, ಇಪ್ಪತ್ತೂ ಮುಖಗಳ ಫಲವನ್ನು ಕೂಡಿಸಬೇಕು. ಇದು ಸಂಖ್ಯಾಶಾಸ್ತ್ರದ ಕೈ-ಸ್ಕ್ವೇರ್ ಪರೀಕ್ಷೆ. ಮೊತ್ತ 30.14ಕ್ಕಿಂತ ಕಡಿಮೆ ಇದ್ದರೆ ದಾಳವನ್ನು ಅನುಮಾನಿಸಲು ಆಧಾರವಿಲ್ಲ, 36.19ನ್ನೂ ಮೀರಿದರೆ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ; ನಡುವೆ ಬಂದರೆ ಇನ್ನೂ 200 ಎಸೆತ ಸೇರಿಸಿ, ನಿರೀಕ್ಷಿತ ಸಂಖ್ಯೆಯನ್ನು 20 ಎಂದಿಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬೇಕು. ಒಂದೇ ಮುಖವನ್ನು ನೋಡಿ ತೀರ್ಮಾನಿಸಬಾರದು, ಏಕೆಂದರೆ 200 ಎಸೆತಗಳಲ್ಲಿ ಒಂದು ಮುಖ 4 ಸಲ ಬೀಳುವುದೂ 16 ಸಲ ಬೀಳುವುದೂ ಸಾಮಾನ್ಯ ಏರಿಳಿತದೊಳಗೇ ಬರುತ್ತವೆ. ಇಷ್ಟು ಎಸೆತಗಳಲ್ಲಿ ತೀರ ಸಣ್ಣ ಪಕ್ಷಪಾತ ಗೋಚರಿಸುವುದಿಲ್ಲ ಎಂಬುದು ನಿಜ, ಆದರೆ ಅಷ್ಟು ಸಣ್ಣದು ಆಟದ ಫಲಿತಾಂಶವನ್ನೂ ಬದಲಿಸುವುದಿಲ್ಲ.

ಸರಾಸರಿಯನ್ನು ಮಾತ್ರ ನೋಡುವುದು ಇನ್ನೊಂದು ದಾರಿ ತಪ್ಪಿಸುವ ಅಭ್ಯಾಸ. ಸರಿಯಾದ ದಾಳದ ಸರಾಸರಿ 10.5. ಆದರೆ 20 ಮತ್ತು 1 ಎರಡೂ ಸಮನಾಗಿ ಹೆಚ್ಚು ಬೀಳುವ ದೋಷಪೂರಿತ ದಾಳದ ಸರಾಸರಿಯೂ 10.5ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಹೋರಾಟದಲ್ಲಿ 20 ಬಿದ್ದರೆ ವಿಶೇಷ ಪೆಟ್ಟು, 1 ಬಿದ್ದರೆ ಏಟು ತಪ್ಪುವುದು ಎಂಬ ನಿಯಮವಿರುವ ಆಟದಲ್ಲಿ ಇದಕ್ಕಿಂತ ಕೆಡುಕಿನ ದೋಷ ಬೇರೊಂದಿಲ್ಲ.

ಎಣಿಕೆಗೆ ಕೂರುವ ಮೊದಲು ದಾಳವನ್ನು ಒಮ್ಮೆ ತಿರುಗಿಸಿ ಸಂಖ್ಯೆಗಳನ್ನೇ ಓದಿಬಿಡಿ. ಎದುರುಬದುರು ಮುಖಗಳ ಮೊತ್ತ 21 ಬರಬೇಕು, ಯಾವ ಸಂಖ್ಯೆಯೂ ಎರಡು ಸಲ ಇರಬಾರದು, 6 ಮತ್ತು 9ರ ಕೆಳಗೆ ಗೆರೆಯೋ ಚುಕ್ಕಿಯೋ ಇರಬೇಕು. ಅಲಂಕಾರಕ್ಕೆ ಒತ್ತು ಕೊಟ್ಟ ದಾಳಗಳಲ್ಲಿ ಅಕ್ಷರ ವಿನ್ಯಾಸ ಸುರುಳಿ ಸುರುಳಿಯಾಗಿರುತ್ತದೆ; ದೂರದಿಂದ ನೋಡುವವರು 16ನ್ನು 18 ಎಂದು ಓದಿದರೆ ಆ ತಪ್ಪು ದಾಖಲೆಗೂ ಇಳಿಯುತ್ತದೆ. ಕೊರೆದ ಸಂಖ್ಯೆಯಲ್ಲಿ ಬಣ್ಣ ಮಾಸಿದ್ದರೆ ಅಕ್ರಿಲಿಕ್ ಬಣ್ಣವನ್ನು ತುಂಬಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಎಸೆತದ ದೋಷ

ಬೃಹತ್ ದಾಳದ ವಿಷಯದಲ್ಲಿ ನಾನು ಮೊದಲು ಅನುಮಾನಿಸುವುದು ಎಸೆತವನ್ನು. ಅರವತ್ತು ಸೆಂ.ಮೀ. ಉದ್ದದ ಜಾಗದಲ್ಲಿ ಉರುಳುವಾಗ 20 ಮಿ.ಮೀ. ದಾಳ ಎಂಟಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, 55 ಮಿ.ಮೀ. ದಾಳ ಮೂರು ಸುತ್ತು ತಿರುಗಿದರೆ ಹೆಚ್ಚು. ಸಾಲದ್ದಕ್ಕೆ ಅದು ಅಂಗೈ ತುಂಬುವಷ್ಟು ದೊಡ್ಡದಾದ್ದರಿಂದ ಮುಷ್ಟಿಯೊಳಗೆ ಕುಲುಕಲು ಬರುವುದಿಲ್ಲ. ಆಟಗಾರರು ಅದನ್ನು ಎತ್ತಿ, ಸ್ವಲ್ಪ ಮುಂದಕ್ಕೆ ಜಾರಿಸಿ ಬಿಡುತ್ತಾರೆ. ಮೇಜಿನ ಮೇಲಿನ ಪುಟ್ಟ ಗೊಂಬೆಗಳಿಗೆ ತಾಗೀತು, ಚಹಾದ ಲೋಟ ಉರುಳೀತು ಎಂಬ ಭಯದಿಂದ ಕೈ ಇನ್ನಷ್ಟು ಮೃದುವಾಗುತ್ತದೆ. ಹೀಗಾದಾಗ ಯಾವ ಮುಖ ಮೇಲಿಟ್ಟುಕೊಂಡು ಎತ್ತಿದರೋ ಅದಕ್ಕೂ ಬಿದ್ದ ಮುಖಕ್ಕೂ ಸಂಬಂಧ ಉಳಿದುಬಿಡುತ್ತದೆ. ಅಲಂಕಾರಕ್ಕಾಗಿ ಕಪಾಟಿನಲ್ಲಿಡುವಾಗ ಎಲ್ಲರೂ 20 ಮೇಲೆ ಕಾಣುವಂತೆಯೇ ಇಡುವುದರಿಂದ ಆ ಸಂಬಂಧ ಪ್ರತಿ ಸಲ ಒಂದೇ ದಿಕ್ಕಿಗೆ ಎಳೆಯುತ್ತದೆ.

ಪರೀಕ್ಷೆ ಸರಳವಾಗಿದೆ. 20 ಮೇಲಿಟ್ಟುಕೊಂಡು ನಿಮ್ಮ ಎಂದಿನ ರೀತಿಯಲ್ಲಿ ನೂರು ಸಲ ಎಸೆಯಿರಿ, ಅನಂತರ 1 ಮೇಲಿಟ್ಟುಕೊಂಡು ನೂರು ಸಲ ಎಸೆಯಿರಿ. ಎರಡೂ ಪಟ್ಟಿಗಳಲ್ಲಿ ಒಂದೇ ಮುಖಗಳು ಮುಂದಿದ್ದರೆ ದೋಷ ದಾಳದಲ್ಲಿ ಇರಬಹುದು. ಮುಂದಿರುವ ಮುಖಗಳು ಪಟ್ಟಿಯಿಂದ ಪಟ್ಟಿಗೆ ಬದಲಾದರೆ ದೋಷ ಎಸೆತದಲ್ಲಿದೆ, ದಾಳವನ್ನು ಇನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ.

ನಿವಾರಣೆಯೆಂದರೆ ಎರಡೂ ಕೈಗಳ ನಡುವೆ ದಾಳವನ್ನು ಉರುಳಿಸಿ, ನಾಲ್ಕೂ ಕಡೆ ಅಂಚುಕಟ್ಟಿದ ತಟ್ಟೆಯೊಳಗೆ, ಎದುರಿನ ಅಂಚಿಗೆ ಬಡಿದು ಮರಳುವಷ್ಟು ಬಲದಿಂದ ಎಸೆಯುವುದು. ಅಂಚಿಗೆ ಬಡಿದ ಮೇಲೆ ದಾಳದ ತಿರುಗುವ ದಿಕ್ಕು ಬದಲಾಗುವುದರಿಂದ ಆರಂಭದ ಸ್ಥಿತಿಯ ನೆನಪು ಬಹಳಷ್ಟು ಅಳಿಸಿಹೋಗುತ್ತದೆ. ತಟ್ಟೆಗೆ ಏನು ಹಾಸಬೇಕೆಂಬುದೂ ಮುಖ್ಯ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿಯನ್ನು ಮಡಿಸಿ ಹಾಸಿದರೆ ದಾಳ ಎರಡನೆಯ ಸುತ್ತಿಗೇ ನಿಂತುಬಿಡುತ್ತದೆ ಅಥವಾ ಮಡಿಕೆಗೆ ಒರಗಿ ಓರೆಯಾಗಿ ನಿಲ್ಲುತ್ತದೆ. ಹಾಸೇ ಇಲ್ಲದ ಕಲ್ಲಿನ ಮೇಲೆ ಎಸೆದರೆ ರಾಳದ ಚೂಪು ಅಂಚುಗಳು ಚಿಪ್ಪು ಚಿಪ್ಪಾಗಿ ಏಳುತ್ತವೆ. ಹಲಗೆಗೆ ಬಿಗಿಯಾಗಿ ಅಂಟಿಸಿದ ತೆಳುವಾದ ಫೆಲ್ಟ್ ಬಟ್ಟೆ ಇವೆರಡರ ನಡುವಿನ ಸರಿಯಾದ ಆಯ್ಕೆ. ತಟ್ಟೆಯ ಮಟ್ಟವನ್ನು ರಸಮಟ್ಟದಿಂದ ಎರಡೂ ದಿಕ್ಕಿನಲ್ಲಿ ನೋಡಿಕೊಳ್ಳಿ. ಓರೆಯಾಗಿ ನಿಂತ ದಾಳವನ್ನು ಓದದೆ ಮತ್ತೆ ಎಸೆಯಬೇಕೆಂಬ ನಿಯಮವನ್ನು ಆಟಕ್ಕೆ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು.

ಪಟ್ಟಿಯನ್ನು ಓದುವ ಬಗೆ

ಎಸೆತ ಸರಿಯಾದ ಮೇಲೂ ಕೈ-ಸ್ಕ್ವೇರ್ ಮೊತ್ತ ಮಿತಿಯನ್ನು ದಾಟುತ್ತಿದ್ದರೆ ಎಣಿಕೆಯ ಪಟ್ಟಿಯನ್ನು ಮತ್ತೊಮ್ಮೆ ತೆಗೆಯಬೇಕು. ಈ ಸಲ ಅದನ್ನು 1ರಿಂದ 20ರವರೆಗಿನ ಸಾಲಾಗಿ ನೋಡದೆ, ದಾಳವನ್ನು ಕೈಯಲ್ಲಿ ಹಿಡಿದು, ಹೆಚ್ಚು ಬಿದ್ದ ಮುಖಗಳು ಅದರ ಮೇಲೆ ಎಲ್ಲೆಲ್ಲಿವೆ ಎಂದು ಗುರುತಿಸಬೇಕು. ಇಡೀ ಪತ್ತೆಕಾರ್ಯದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಹೆಜ್ಜೆ ಇದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಹೆಚ್ಚು ಬಿದ್ದ ಮುಖಗಳು ಎದುರುಬದುರು ಜೋಡಿಗಳಾಗಿದ್ದರೆ, ಉದಾಹರಣೆಗೆ 20 ಮತ್ತು 1, ಅಥವಾ 13 ಮತ್ತು 8, ಆಗ ದೋಷ ಆಕಾರದಲ್ಲಿದೆ. ದಾಳ ಒಂದು ದಿಕ್ಕಿನಲ್ಲಿ ಚಪ್ಪಟೆಯಾಗಿದ್ದರೆ ಆ ದಿಕ್ಕಿನ ಎರಡೂ ಮುಖಗಳು ಕೇಂದ್ರಕ್ಕೆ ಹತ್ತಿರವಾಗುತ್ತವೆ, ಅವುಗಳ ವಿಸ್ತಾರ ತುಸು ಹೆಚ್ಚುತ್ತದೆ, ಆದ್ದರಿಂದ ದಾಳ ಎರಡರ ಮೇಲೂ ಸುಲಭವಾಗಿ ಕೂರುತ್ತದೆ.

ಹೆಚ್ಚು ಬಿದ್ದ ಮುಖಗಳು ಒಂದೇ ಬದಿಯಲ್ಲಿ ನೆರೆಹೊರೆಯಾಗಿ ಗುಂಪುಗೂಡಿದ್ದು, ಅವುಗಳ ಎದುರು ಬದಿಯ ಮುಖಗಳು ಕಡಿಮೆ ಬಿದ್ದಿದ್ದರೆ ದೋಷ ತೂಕದ ಹಂಚಿಕೆಯಲ್ಲಿದೆ. ಭಾರವಾದ ಬದಿ ಕೆಳಗೆ ಕೂರುತ್ತದೆ, ಹಗುರವಾದ ಬದಿ ಮೇಲೆ ಕಾಣುತ್ತದೆ. ಪ್ರಚಲಿತ ಜೋಡಣೆಯಲ್ಲಿ 20ರ ನೆರೆಯಲ್ಲಿ 2, 8 ಮತ್ತು 14 ಇರುತ್ತವೆ. ಈ ನಾಲ್ಕೂ ಒಟ್ಟಿಗೆ ಹೆಚ್ಚಾಗಿದ್ದರೆ ಬರಿಯ ಸಂಖ್ಯೆಗಳ ಸಾಲಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ದಾಳವನ್ನು ತಿರುಗಿಸಿ ನೋಡಿದರೆ ತಕ್ಷಣ ಕಾಣುತ್ತದೆ.

ಒಂದೇ ಒಂದು ಮುಖ ತೀರ ಕಡಿಮೆ ಬಿದ್ದಿದ್ದರೆ ಅದರ ಎದುರಿನ ಮುಖವನ್ನು ಬೆರಳಿನಿಂದ ಸವರಿ ನೋಡಿ. ಎರಕ ಹೊಯ್ದ ಬಾಯಿಯ ಉಬ್ಬು ಅಲ್ಲಿ ಪೂರ್ತಿಯಾಗಿ ಉಜ್ಜಿಹೋಗದೆ ಉಳಿದಿದ್ದರೆ ದಾಳ ಆ ಮುಖದ ಮೇಲೆ ನಿಲ್ಲಲಾರದೆ ಪಕ್ಕಕ್ಕೆ ಹೊರಳುತ್ತದೆ.

ಕೆಲವು ಬೃಹತ್ ದಾಳಗಳಲ್ಲಿ ಸಂಖ್ಯೆಗಳು 20, 19, 18 ಎಂದು ಒಂದರ ಪಕ್ಕ ಒಂದು ಇಳಿಯುತ್ತಾ ಹೋಗುತ್ತವೆ. ಅವು 20ರಿಂದ ಆರಂಭವಾಗುವ ಜೀವಾಂಕವನ್ನು ಎಣಿಸಲು ಮ್ಯಾಜಿಕ್: ದ ಗ್ಯಾದರಿಂಗ್‌ನಂತಹ ಎಲೆಯಾಟಗಳಲ್ಲಿ ಬಳಸುವ ದಾಳಗಳು. ದೋಷವಿಲ್ಲದಿದ್ದರೆ ಎಸೆತಕ್ಕೂ ಅವು ಸರಿಯೇ. ಆದರೆ ದೊಡ್ಡ ಸಂಖ್ಯೆಗಳೆಲ್ಲ ಒಂದೇ ಬದಿಯಲ್ಲಿರುವುದರಿಂದ ತೂಕದ ಸ್ವಲ್ಪ ವ್ಯತ್ಯಾಸವೂ ಸರಾಸರಿಯನ್ನೇ ಎಳೆದುಬಿಡುತ್ತದೆ. ಪಾತ್ರಾಭಿನಯದ ಆಟಕ್ಕೆ ಈ ಜೋಡಣೆಯ ದಾಳವನ್ನು ಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ.

ಆಕಾರದ ಅಳತೆ

ಇಪ್ಪತ್ತು ಮುಖಗಳೆಂದರೆ ಎದುರುಬದುರಿನ ಹತ್ತು ಜೋಡಿಗಳು. 0.02 ಮಿ.ಮೀ. ಸೂಕ್ಷ್ಮತೆಯ ಉಕ್ಕಿನ ವರ್ನಿಯರ್ ಕ್ಯಾಲಿಪರ್‌ನಿಂದ ಹತ್ತೂ ದೂರಗಳನ್ನು ಅಳೆದು ಬರೆದುಕೊಳ್ಳಬೇಕು. ದವಡೆಗಳು ಕೊರೆದ ಸಂಖ್ಯೆಯ ಅಂಚಿಗೆ ತಾಗದಂತೆ ಮುಖದ ಮೇಲೆ ಚಪ್ಪಟೆಯಾಗಿ ಕುಳಿತಿರಬೇಕು. ಕ್ಯಾಲಿಪರನ್ನು ತುಸು ಅಲುಗಿಸುತ್ತಾ ಹೋದಾಗ ಸಿಗುವ ಅತಿ ಕಡಿಮೆ ಅಳತೆಯೇ ನಿಜವಾದ ಅಳತೆ. ಪ್ಲಾಸ್ಟಿಕ್ ಕ್ಯಾಲಿಪರ್‌ಗಳ ದವಡೆ ಬಾಗುವುದರಿಂದ ಅವು ಈ ಕೆಲಸಕ್ಕೆ ಬರುವುದಿಲ್ಲ. ಉದ್ಯಮಬಾಗದ ಯಾವುದೇ ಲೇತ್ ಅಂಗಡಿಯಲ್ಲಿ ಕೇಳಿದರೂ ಉಕ್ಕಿನ ವರ್ನಿಯರ್ ಸಿಗುತ್ತದೆ, ಹತ್ತು ಅಳತೆಗೆ ಹತ್ತು ನಿಮಿಷ ಸಾಕು.

ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಅಂತರ 0.2 ಮಿ.ಮೀ. ಒಳಗಿದ್ದರೆ 55 ಮಿ.ಮೀ. ದಾಳಕ್ಕೆ ಅದು ಚೆನ್ನಾದ ಕೆಲಸವೆಂದೇ ನಾನು ಪರಿಗಣಿಸುತ್ತೇನೆ. 0.5 ಮಿ.ಮೀ. ದಾಟಿದ್ದು, ಕಡಿಮೆ ಅಳತೆಯ ಜೋಡಿಯೇ ಎಣಿಕೆಯಲ್ಲಿ ಮುಂದಿದ್ದರೆ ದೋಷ ಸಿಕ್ಕಿತು ಎಂದರ್ಥ. ಇದರ ಜೊತೆಗೆ ಪ್ರತಿ ಮುಖವನ್ನೂ ಸಮತಟ್ಟಾದ ಮೇಲ್ಮೈಯ ಮೇಲಿಟ್ಟು ಮೂರೂ ಮೂಲೆಗಳನ್ನು ಮೆಲ್ಲಗೆ ಒತ್ತಿ ನೋಡಬೇಕು. ಅಲುಗಾಡಿದರೆ ಆ ಮುಖ ಉಬ್ಬಿದೆ. ಕಾರ್ಖಾನೆಯ ಸರ್ಫೇಸ್ ಪ್ಲೇಟ್ ಇಲ್ಲದಿದ್ದರೆ ದಪ್ಪ ಗಾಜು ಆಗುತ್ತದೆ. ಬಾಗಲಕೋಟೆ ಕಡೆಯವರಿಗೆ ಪಾಲಿಶ್ ಮಾಡಿದ ಇಳಕಲ್ ಕೆಂಪು ಗ್ರಾನೈಟಿನ ತುಂಡು ಇನ್ನೂ ಸುಲಭವಾಗಿ ಸಿಕ್ಕೀತು, ಆದರೆ ಅದರ ಮೇಲೆ ದಾಳವನ್ನು ಇಡಬೇಕು, ಎಸೆಯಬಾರದು.

ಆಕಾರ ಕೆಡಲು ಮೂರು ಕಾರಣಗಳಿರುತ್ತವೆ. ಮೊದಲನೆಯದು ಎರಕದ ಸಿಲಿಕಾನ್ ಅಚ್ಚು ತಯಾರಿಕೆಯಲ್ಲಿಯೇ ಒತ್ತಿಹೋಗಿರುವುದು. ಎರಡನೆಯದು ಪಾಲಿಶ್. ದಾಳಗಳನ್ನು ಪೀಪಾಯಿಯಲ್ಲಿ ಉರುಳಿಸಿ ಅಂಚು ದುಂಡಗೆ ಮಾಡುವಾಗ ಎಲ್ಲ ಕಡೆಯೂ ಸಮನಾಗಿ ಸವೆಯುವುದಿಲ್ಲ ಎಂದು ಗೇಮ್‌ಸೈನ್ಸ್ ಎಂಬ ಅಮೆರಿಕದ ದಾಳ ಕಂಪನಿಯ ಲೂ ಝೋಕಿ ಅವರು ವರ್ಷಗಟ್ಟಲೆ ವಾದಿಸಿ, ಚೂಪು ಅಂಚಿನ ದಾಳಗಳನ್ನೇ ಮಾರಿದರು. ಕೈಯಲ್ಲಿ ಪಾಲಿಶ್ ಮಾಡುವ ಬೃಹತ್ ದಾಳಗಳಿಗೂ ಆ ವಾದ ಅನ್ವಯಿಸುತ್ತದೆ: ಗುಳ್ಳೆಯ ಗುರುತನ್ನು ಅಳಿಸಲು ಒಂದೇ ಮುಖವನ್ನು ಹೆಚ್ಚು ಉಜ್ಜಿದರೆ ಆ ದಿಕ್ಕಿನ ಅಳತೆ ಕಡಿಮೆಯಾಗುತ್ತದೆ.

ಮೂರನೆಯ ಕಾರಣ ಬಿಸಿಲು, ನಮ್ಮ ಜಿಲ್ಲೆಗಳಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಎರಕಕ್ಕೆ ಬಳಸುವ ಅನೇಕ ಎಪಾಕ್ಸಿ ರಾಳಗಳು 50ರಿಂದ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗತೊಡಗುತ್ತವೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವ ದಿನಗಳಿರುತ್ತವೆ, ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂಗಾಜಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚು. ಅಲಂಕಾರಕ್ಕೆಂದು ಅಲ್ಲಿಟ್ಟ ದಾಳ ತನ್ನ ಭಾರಕ್ಕೆ ತಾನೇ ಕುಸಿದು, ಕೆಳಗಿನ ಮುಖಕ್ಕೆ ಹಾಸಿನ ನೇಯ್ಗೆ ಒತ್ತಿಕೊಂಡಿರುತ್ತದೆ. ಚೀಲದಲ್ಲಿ ಇತರ ದಾಳಗಳ ಜೊತೆ ಬಿಸಿಯಲ್ಲಿ ಬಿದ್ದಿದ್ದರೆ ಅವುಗಳ ಮೂಲೆಗಳ ಗುರುತು ಮೂಡುತ್ತದೆ. ಕಿಟಕಿಯ ಬಿಸಿಲು ಪಾರದರ್ಶಕ ರಾಳವನ್ನು ಹಳದಿಯಾಗಿಸುವುದೂ ಉಂಟು, ಅದು ನೋಟವನ್ನು ಮಾತ್ರ ಕೆಡಿಸುತ್ತದೆ. ಬೆಳಗಾವಿಯಲ್ಲಿ ಮಳೆಗಾಲದಲ್ಲಿ ಮನೆಯಲ್ಲಿಯೇ ಎರಕ ಹೊಯ್ಯುವವರಿಗೆ ಬೇರೆ ತೊಂದರೆ: ತೇವದ ಗಾಳಿಯಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಜಿಡ್ಡಿನಂತಹ ಪದರ ಏಳುತ್ತದೆ. ಅದನ್ನು ಸಾಬೂನು ನೀರಿನಿಂದ ತೊಳೆದ ಮೇಲೆಯೇ ಉಜ್ಜಬೇಕು.

ಕುಸಿದ ಅಥವಾ ಹೆಚ್ಚು ಸವೆದ ದಾಳವನ್ನು ಉಜ್ಜಿ ಸರಿಪಡಿಸಲು ಹೊರಟರೆ ಹತ್ತೂ ಜೋಡಿಗಳನ್ನು ಅತಿ ಕಡಿಮೆ ಅಳತೆಗೆ ಇಳಿಸಬೇಕಾಗುತ್ತದೆ, ಸಂಖ್ಯೆಗಳು ಮಾಸಿಹೋಗುತ್ತವೆ. ಆ ಶ್ರಮಕ್ಕೆ ಬೆಲೆಯಿಲ್ಲ. ಉಬ್ಬನ್ನು ಮಾತ್ರ ತೆಗೆಯುವುದಾದರೆ 600ರ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳುಕಾಗದ; ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಗಾಜಿನ ಮೇಲೆ ಅಂಟಿಸಿ, ನೀರು ಹಾಕಿ, ದಾಳವನ್ನು ಅದರ ಮೇಲೆ ಸುತ್ತಾಗಿ ಉಜ್ಜಿ, ನಡುನಡುವೆ ಅಳೆಯುತ್ತಾ 2000ದವರೆಗೆ ಹೋಗಬೇಕು.

ತೂಕದ ಹಂಚಿಕೆ

ಉಪ್ಪುನೀರಿನಲ್ಲಿ ತೇಲಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮೂರು ಲೀಟರ್ ನೀರಿಗೆ ಒಂದು ಕಿಲೋ ಉಪ್ಪನ್ನು ಕರಗಿಸಿದರೆ ಸಾಂದ್ರತೆ 1.2ರ ಹತ್ತಿರಕ್ಕೆ ಬರುತ್ತದೆ, ಎಪಾಕ್ಸಿ ದಾಳ ಅದರಲ್ಲಿ ತೇಲುತ್ತದೆ. ಅಗಲವಾದ ಬೋಗುಣಿ ಬೇಕು, ದಾಳ ಗೋಡೆಗೆ ತಾಗಬಾರದು. ತೇಲುವ ದಾಳವನ್ನು ಬೆರಳಿನಿಂದ ತಿರುಗಿಸಿ ಬಿಟ್ಟಾಗ ಪ್ರತಿ ಸಲ ಒಂದೇ ಮುಖ ಮೇಲೆ ಬರುತ್ತಿದ್ದರೆ ಆ ಬದಿ ಹಗುರ. ಪಾಲಿಯೆಸ್ಟರ್ ರಾಳದ ದಾಳ ಮುಳುಗಿದರೆ ಸಕ್ಕರೆ ಪಾಕ ಬೇಕಾಗುತ್ತದೆ: ಎರಡು ಲೀಟರ್ ನೀರಿಗೆ ಮೂರು ಕಿಲೋ ಸಕ್ಕರೆ ಹಾಕಿದರೆ 60 ಬ್ರಿಕ್ಸ್ (ಅಂದರೆ ತೂಕದಲ್ಲಿ ಶೇ. 60 ಸಕ್ಕರೆ), ಸಾಂದ್ರತೆ ಸುಮಾರು 1.29. ಇಷ್ಟೊಂದು ಸಕ್ಕರೆ ಕಾರ್ಖಾನೆಗಳಿರುವ ನಮ್ಮ ಸೀಮೆಯಲ್ಲಿ ಬ್ರಿಕ್ಸ್ ಅಳೆಯುವ ತೇಲುಮಾಪಕ ಇರುವವರು ಪರಿಚಯದಲ್ಲಿಯೇ ಸಿಗುತ್ತಾರೆ. ಪಾಕ ಮಂದವಾಗಿರುವುದರಿಂದ ದಾಳ ತಿರುಗಿ ನಿಲ್ಲುವವರೆಗೆ ಕಾಯಬೇಕು. ಒಳಗೆ ದೀಪ ಮತ್ತು ಬ್ಯಾಟರಿ ಇರುವ ದಾಳವನ್ನೂ ಮರದ ದಾಳವನ್ನೂ ನೀರಿಗೆ ಹಾಕಬಾರದು.

ಈ ಪರೀಕ್ಷೆಯ ಕೊರತೆಯೆಂದರೆ ಅದು ಅತಿ ಸೂಕ್ಷ್ಮವಾಗಿರುವುದು. ದ್ರವದಲ್ಲಿ ತೇಲುವ ದಾಳವನ್ನು ತಡೆಯುವ ಘರ್ಷಣೆ ಬಹಳ ಕಡಿಮೆ, ಆದ್ದರಿಂದ ಅತ್ಯಲ್ಪ ವ್ಯತ್ಯಾಸಕ್ಕೂ ಅದು ತಿರುಗುತ್ತದೆ. ನಾಲ್ಕು ಮಿ.ಮೀ. ವ್ಯಾಸದ ಗುಳ್ಳೆ ಕೇಂದ್ರದಿಂದ 20 ಮಿ.ಮೀ. ದೂರದಲ್ಲಿದ್ದರೆ 120 ಗ್ರಾಂ ದಾಳದ ಗುರುತ್ವ ಕೇಂದ್ರ ಸರಿಯುವುದು 0.006 ಮಿ.ಮೀ. ಮಾತ್ರ. ಹತ್ತು ಮಿ.ಮೀ. ಗುಳ್ಳೆಯಾದರೂ 0.1 ಮಿ.ಮೀ. ಇದನ್ನು ಆಕಾರದ 0.5 ಮಿ.ಮೀ. ದೋಷದ ಪಕ್ಕದಲ್ಲಿಟ್ಟು ನೋಡಿ. ಹೊರಗಿನಿಂದ ಕಾಣುವ ಸಣ್ಣ ಗುಳ್ಳೆಗಾಗಿ ದಾಳವನ್ನು ತಿರಸ್ಕರಿಸುವವರು, ಅದೇ ದಾಳದ ಹತ್ತು ಅಳತೆಗಳನ್ನು ಒಮ್ಮೆಯೂ ತೆಗೆಯುವುದಿಲ್ಲ ಎಂಬುದೇ ನನ್ನ ಆಕ್ಷೇಪ. ತೇಲಿಸಿದಾಗ ಮೇಲೆ ಬಂದ ಮುಖವೂ ಎಣಿಕೆಯಲ್ಲಿ ಮುಂದಿರುವ ಗುಂಪೂ ಒಂದೇ ಆಗಿದ್ದರೆ ಮಾತ್ರ ತೂಕದ ದೋಷವೆಂದು ತೀರ್ಮಾನಿಸಿ.

ಬೆಳಗುವ ದಾಳಗಳ ಕಥೆ ಬೇರೆ. ಸಿಆರ್ 2032 ನಾಣ್ಯದಾಕಾರದ ಬ್ಯಾಟರಿ ಸುಮಾರು 3 ಗ್ರಾಂ ತೂಗುತ್ತದೆ. ಅದು ಒಂದು ಮುಖದ ಕೆಳಗೆ 20 ಮಿ.ಮೀ. ದೂರದಲ್ಲಿ ಕುಳಿತಿದ್ದರೆ ಗುರುತ್ವ ಕೇಂದ್ರವನ್ನು 0.3 ಮಿ.ಮೀ.ನಷ್ಟು ತನ್ನ ಕಡೆಗೆ ಎಳೆಯುತ್ತದೆ, ದೊಡ್ಡ ಗುಳ್ಳೆಯ ಮೂರು ಪಟ್ಟು. ಎದುರು ಬದಿಯಲ್ಲಿ ಸಮಭಾರ ಇಟ್ಟು ತಯಾರಿಸಿರದಿದ್ದರೆ ಇಂತಹ ದಾಳವನ್ನು ಎಸೆತಕ್ಕೆ ನಂಬಲಾಗದು. ನೀರಿಗೆ ಹಾಕಲಾಗದ ಈ ದಾಳಗಳಿಗೂ ಲೋಹದ ದಾಳಗಳಿಗೂ ಬೇರೆ ಪರೀಕ್ಷೆಯಿದೆ: ಎದುರುಬದುರು ಮೂಲೆಗಳನ್ನು ಎರಡು ಚೂಪು ಮೊನೆಗಳ ನಡುವೆ ಸಡಿಲವಾಗಿ ಹಿಡಿದು ತಿರುಗಲು ಬಿಡಬೇಕು. ಹನ್ನೆರಡು ಮೂಲೆಗಳಿರುವುದರಿಂದ ಇಂತಹ ಆರು ಅಕ್ಷಗಳು ಸಿಗುತ್ತವೆ. ಯಾವ ಅಕ್ಷದಲ್ಲಿ ಹಿಡಿದರೂ ಒಂದೇ ಬದಿ ಕೆಳಗೆ ಜೋತುಬಿದ್ದರೆ ಆ ಬದಿ ಭಾರ.

ಒಳಗೆ ದ್ರವ ತುಂಬಿದ ಗೋಲವಿರುವ ದಾಳದಲ್ಲಿ ಗೋಲ ಒಂದೆರಡು ಮಿ.ಮೀ. ಅತ್ತಿತ್ತ ಸರಿದು ಕೂತಿರುವುದು ಕಣ್ಣಿಗೆ ಅಸಹ್ಯವಾಗಿ ಕಂಡರೂ, ದ್ರವದ ಮತ್ತು ರಾಳದ ಸಾಂದ್ರತೆಗಳ ಅಂತರ ಕಡಿಮೆಯಿರುವುದರಿಂದ ಎಸೆತವನ್ನು ಅಷ್ಟಾಗಿ ಬಾಧಿಸುವುದಿಲ್ಲ. ಗೋಲದೊಳಗಿನ ಗಾಳಿಗುಳ್ಳೆ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ ಮಾತ್ರ ಎಚ್ಚರವಾಗಬೇಕು, ಏಕೆಂದರೆ ದ್ರವ ಎಲ್ಲೋ ಸೋರುತ್ತಿದೆ. ಬೇಸಿಗೆಯಲ್ಲಿ ದ್ರವ ಹಿಗ್ಗಿ ರಾಳ ಕೂದಲೆಳೆಯಷ್ಟು ಬಿರುಕು ಬಿಡುವುದೇ ಇದಕ್ಕೆ ಸಾಮಾನ್ಯ ಕಾರಣ. ಬಿರುಕನ್ನು ಹೊರಗಿನಿಂದ ತೆಳು ರಾಳದಿಂದ ಮುಚ್ಚಬಹುದು, ಮುಚ್ಚಿದ ಮುಖವನ್ನು ಮತ್ತೆ ಅಳೆದು ಸಮತಟ್ಟು ಮಾಡಬೇಕು.

ತೂಕದ ದೋಷ ಖಚಿತವಾದ ದಾಳಕ್ಕೆ ರಂಧ್ರ ಕೊರೆದು ಸೀಸ ತುಂಬುವ ಸಲಹೆಯನ್ನು ಕೇಳಿದ್ದೇನೆ, ಪಾರದರ್ಶಕ ದಾಳದಲ್ಲಿ ಅದು ನೋಟವನ್ನೂ ಕೆಡಿಸುತ್ತದೆ, ಸಮತೋಲವನ್ನೂ ತರುವುದಿಲ್ಲ. ಖರೀದಿಸಿದ ಮೇಲೆ ಬದಲಿಸಿಕೊಡುವ ಅವಧಿ ಮೀರಿರದಿದ್ದರೆ ಎಣಿಕೆಯ ಪಟ್ಟಿ, ಹತ್ತು ಅಳತೆಗಳು ಮತ್ತು ತೇಲಿಸಿದಾಗಿನ ಚಿತ್ರವನ್ನು ಒಟ್ಟಿಗೆ ಕಳುಹಿಸಿ ಬದಲಿ ದಾಳವನ್ನು ಕೇಳಬೇಕು. ಅವಧಿ ಮೀರಿದ್ದರೆ ಅದನ್ನು ಎಸೆತದಿಂದ ತೆಗೆದು, ಆಟ ನಡೆಸುವವರ ಮುಂದೆ ಸುತ್ತುಗಳ ಎಣಿಕೆಗೆ ಇಟ್ಟು, ಹೋರಾಟದ ಎಸೆತಗಳಿಗೆ ಅಳೆದು ನೋಡಿದ 20 ಮಿ.ಮೀ. ದಾಳವನ್ನು ಬಳಸಬೇಕು.